ಬಿಸ್ಮಾರ್ಕ್ ಗೋಪುರದ ಮೆಟ್ಟಿಲುಗಳು

1866ರ ಜುಲೈ 24ರಂದು ಟೌಬರ್‌ಬಿಷೋಫ್ಸ್‌ಹೈಮ್ ಎಂಬ ಪುಟ್ಟ ಊರಿನಲ್ಲಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ರಾಜ್ಯದ ಸೈನಿಕರು ಉತ್ತರದ ದೊಡ್ಡ ರಾಜ್ಯ ಪ್ರಷ್ಯಾದ ಸೈನ್ಯಕ್ಕೆ ಎದುರಾಗಿ ಸೋತರು. ತುಂಬಾ ಜನ ಸತ್ತರು. ಯುದ್ಧ ಮುಗಿದ ಮೇಲೆ ವ್ಯುರ್ಟೆಂಬರ್ಗ್ ಗೆದ್ದವರಿಗೆ 80 ಲಕ್ಷ ಗುಲ್ಡನ್ ದಂಡ ಕಟ್ಟಬೇಕಾಯಿತು. ಆಗ ಪ್ರಷ್ಯಾದ ಪ್ರಧಾನಿಯಾಗಿದ್ದವನು ಆಟೋ ಫಾನ್ ಬಿಸ್ಮಾರ್ಕ್. ಅದಾಗಿ ನಲವತ್ತು ವರ್ಷ ಕೂಡ ಕಳೆದಿರಲಿಲ್ಲ. 1904ರಲ್ಲಿ ಅದೇ ವ್ಯುರ್ಟೆಂಬರ್ಗಿನ ರಾಜಧಾನಿ ಸ್ಟುಟ್‌ಗಾರ್ಟಿನ ಗುಡ್ಡದ ತುದಿಯಲ್ಲಿ, ಅದೇ ಬಿಸ್ಮಾರ್ಕ್‌ನ ಗೌರವಕ್ಕೆ, ಒಂದು ಕಲ್ಲಿನ ಗೋಪುರ ಎದ್ದು ನಿಂತಿತು.

ದಂಡ ಕಟ್ಟಿಸಿಕೊಂಡವನಿಗೆ ಗೋಪುರ ಯಾಕೆ? ಕೆಲಸಕ್ಕೆ ಅಂತ ಈ ಕಡೆ ಬಂದು ನೆಲೆಸಿದ ಮೇಲೆ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು. ಸ್ಟುಟ್‌ಗಾರ್ಟಿನ ಸುತ್ತಮುತ್ತ ಕನ್ನಡದವರು ಕಡಿಮೆಯೇನಿಲ್ಲ. ಕಾರು, ಸಾಫ್ಟ್‌ವೇರ್ ಕಂಪನಿಗಳಲ್ಲಿ ಎಷ್ಟೋ ಜನ ಇದ್ದಾರೆ. ಊರಿಂದ ಅಪ್ಪ ಅಮ್ಮ ಬಂದರೆ ಕಾರಿನ ಮ್ಯೂಸಿಯಂ ತೋರಿಸುತ್ತೇವೆ, ಅರಮನೆ ತೋರಿಸುತ್ತೇವೆ. ಗೇಕೋಪ್ಫ್ ಗುಡ್ಡದ ಮೇಲಿನ ಈ ಗೋಪುರಕ್ಕೆ ಕರೆದುಕೊಂಡು ಹೋಗುವವರು ಕಡಿಮೆ. ಅದರ ಕಥೆ ಗೊತ್ತಾದರೆ ಖಂಡಿತ ಕರೆದುಕೊಂಡು ಹೋಗುತ್ತಾರೆ ಅಂತ ನನ್ನ ನಂಬಿಕೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗೋಪುರ ಹೇಗಿದೆ ಅಂತ ಹೇಳಿಬಿಡುತ್ತೇನೆ. ಗುಡ್ಡದ ಎತ್ತರ ಸಮುದ್ರ ಮಟ್ಟದಿಂದ 400 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಗೋಪುರ ಸುಮಾರು 20 ಮೀಟರ್. ದೂರದಿಂದ ನೋಡಿದರೆ ಚೌಕಾಕಾರದ ದಪ್ಪ ಕಂಬದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ನಾಲ್ಕು ಮೂಲೆಯಲ್ಲೂ ಒಂದೊಂದು ಉರುಟು ಕಂಬ ಗೋಡೆಯೊಳಗೆ ಅರ್ಧ ಹೂತ ಹಾಗೆ ನಿಂತಿರುವುದು ಗೊತ್ತಾಗುತ್ತದೆ. ಕೆಳಗೆ ಮೆಟ್ಟಿಲು ಮೆಟ್ಟಿಲಾದ ಅಗಲ ಪೀಠ, ಮೇಲೆ ಭಾರದ ಕಲ್ಲಿನ ಪಟ್ಟಿ. ಹೂ ಬಳ್ಳಿ ಇಲ್ಲ, ದೇವತೆಗಳಿಲ್ಲ, ಕುದುರೆ ಸವಾರನಿಲ್ಲ. ಯುರೋಪಿನ ಊರೂರಲ್ಲಿ ಕಾಣುವ ಸ್ಮಾರಕಗಳ ಯಾವ ಅಲಂಕಾರವೂ ಇದಕ್ಕಿಲ್ಲ.

ಇದು ಬೇಕೆಂದೇ ಮಾಡಿದ್ದು. ಅದನ್ನು ಹೇಳಬೇಕಾದರೆ ಬಿಸ್ಮಾರ್ಕ್ ಕೆಲಸ ಕಳೆದುಕೊಂಡ ದಿನಗಳಿಗೆ ಹೋಗಬೇಕು.

1862ರಲ್ಲಿ ಪ್ರಷ್ಯಾದ ಪ್ರಧಾನಿಯಾದ ಬಿಸ್ಮಾರ್ಕ್ ಮೂರು ಯುದ್ಧ ಮಾಡಿದ. 1864ರಲ್ಲಿ ಡೆನ್ಮಾರ್ಕ್ ಮೇಲೆ, 1866ರಲ್ಲಿ ಆಸ್ಟ್ರಿಯಾ ಮತ್ತು ಅದರ ಜೊತೆಗಿದ್ದ ವ್ಯುರ್ಟೆಂಬರ್ಗಿನಂಥ ರಾಜ್ಯಗಳ ಮೇಲೆ, 1870ರಲ್ಲಿ ಫ್ರಾನ್ಸ್ ಮೇಲೆ. ಮೂರನೆಯದರಲ್ಲಿ ವ್ಯುರ್ಟೆಂಬರ್ಗ್ ಪ್ರಷ್ಯಾದ ಪಕ್ಕದಲ್ಲೇ ನಿಂತಿತು. 1871ರ ಜನವರಿ 18ರಂದು ವರ್ಸೇಲ್ಸ್ ಅರಮನೆಯಲ್ಲಿ ಜರ್ಮನ್ ಸಾಮ್ರಾಜ್ಯದ ಘೋಷಣೆಯಾಯಿತು. ವ್ಯುರ್ಟೆಂಬರ್ಗಿಗೆ ಅದರ ರಾಜ ಉಳಿದ, ಅದರದೇ ಅಂಚೆ ಉಳಿಯಿತು, ರೈಲೂ ಉಳಿಯಿತು. ಸೋತವರನ್ನು ಪೂರ್ತಿ ನುಂಗದೆ ಮರ್ಯಾದೆ ಉಳಿಸಿ ಒಳಗೆ ಸೇರಿಸಿಕೊಂಡ ಜಾಣತನ ಅದು. ನಲವತ್ತು ವರ್ಷದೊಳಗೆ ಸಿಟ್ಟು ಇಳಿದು ಗೋಪುರ ಏರಿದ್ದಕ್ಕೆ ಒಂದು ಕಾರಣ ಇಲ್ಲೇ ಇದೆ ಅನ್ನಿಸುತ್ತದೆ.

ಈ ಬದಲಾವಣೆಯನ್ನು ಇಲ್ಲೇ ಇದ್ದು ನೋಡಿದವರಲ್ಲಿ ನಮಗೆ ಬೇಕಾದ ಒಬ್ಬರಿದ್ದರು. ಹರ್ಮನ್ ಮೊಗ್ಲಿಂಗ್. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದು ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವರು. ಅವರು ವ್ಯುರ್ಟೆಂಬರ್ಗಿನವರೇ. 1860ರಲ್ಲಿ ಊರಿಗೆ ಮರಳಿದ ಅವರು 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಎಸ್ಲಿಂಗನ್ ಸ್ಟುಟ್‌ಗಾರ್ಟಿಗೆ ತಾಗಿಕೊಂಡಂತೆಯೇ ಇರುವ ಊರು. ತಮ್ಮ ರಾಜ್ಯ ಪ್ರಷ್ಯಾದ ಎದುರು ಸೋತದ್ದನ್ನೂ ಮತ್ತೆ ಅದರ ಜೊತೆ ಒಂದೇ ದೇಶವಾದದ್ದನ್ನೂ ಅವರು ಬದುಕಿರುವಾಗಲೇ ಕಂಡರು. ಗೋಪುರವನ್ನು ಮಾತ್ರ ಕಾಣಲಿಲ್ಲ.

1888ರಲ್ಲಿ ಪಟ್ಟಕ್ಕೆ ಬಂದ ಎರಡನೇ ವಿಲ್ಹೆಲ್ಮ್‌ಗೆ ಮುದುಕ ಬಿಸ್ಮಾರ್ಕ್ ಜೊತೆ ಹೊಂದಲಿಲ್ಲ. 1890ರ ಮಾರ್ಚ್‌ನಲ್ಲಿ ಬಿಸ್ಮಾರ್ಕ್ ರಾಜೀನಾಮೆ ಕೊಟ್ಟ. ಕೊಟ್ಟ ಅನ್ನುವುದಕ್ಕಿಂತ ಕೊಡಬೇಕಾಯಿತು. ಅಧಿಕಾರದಲ್ಲಿದ್ದಾಗ ಅವನನ್ನು ಬೈಯುತ್ತಿದ್ದವರು ತುಂಬಾ ಜನ. ಮನೆಗೆ ಹೋದ ಮೇಲೆ ಅವನ ಮೇಲೆ ಪ್ರೀತಿ ಉಕ್ಕಿ ಹರಿಯಿತು. ಹಾಗಂತ ಎಲ್ಲರಿಗೂ ಅಲ್ಲ. 1895ರಲ್ಲಿ ಅವನಿಗೆ 80 ತುಂಬಿದಾಗ ಹುಟ್ಟುಹಬ್ಬದ ಶುಭಾಶಯ ಕಳಿಸುವುದಕ್ಕೆ ಜರ್ಮನಿಯ ಸಂಸತ್ತೇ ಒಪ್ಪಲಿಲ್ಲ. ಕ್ಯಾಥೊಲಿಕರ ಪಕ್ಷ, ಸಮಾಜವಾದಿಗಳು, ಎಡಪಂಥದ ಉದಾರವಾದಿಗಳು ಸೇರಿ ಬೇಡ ಎಂದರು. ಅವರ ಸಿಟ್ಟಿಗೆ ಕಾರಣ ಇತ್ತು. ಕ್ಯಾಥೊಲಿಕ್ ಪಾದ್ರಿಗಳನ್ನು ಬಿಸ್ಮಾರ್ಕ್ ವರ್ಷಗಟ್ಟಲೆ ಕಾಡಿದ್ದ. 1878ರಿಂದ 1890ರವರೆಗೆ ಸಮಾಜವಾದಿಗಳ ಸಭೆ, ಪತ್ರಿಕೆ, ಸಂಘಗಳಿಗೆ ಕಾನೂನಿನ ಬೀಗ ಹಾಕಿದ್ದ.

1898ರ ಜುಲೈ 30ರಂದು ಬಿಸ್ಮಾರ್ಕ್ ತೀರಿಕೊಂಡ. ಅದೇ ವರ್ಷದ ಕೊನೆಯಲ್ಲಿ ಜರ್ಮನಿಯ ವಿದ್ಯಾರ್ಥಿ ಸಂಘಟನೆಗಳು ಒಂದು ತೀರ್ಮಾನಕ್ಕೆ ಬಂದವು. ದೇಶದ ಗುಡ್ಡಗುಡ್ಡದ ಮೇಲೂ ಕಲ್ಲಿನ ಕಂಬ ನಿಲ್ಲಬೇಕು. ಹಿಂದಿನ ಕಾಲದ ಜನ ಸತ್ತ ವೀರರಿಗೆ ನಿಲ್ಲಿಸುತ್ತಿದ್ದರು ಎಂದು ಅವರು ನಂಬಿದ್ದ ಕಂಬಗಳ ಹಾಗೆ ಅವು ಸರಳವಾಗಿರಬೇಕು. ಪ್ರತಿ ಕಂಬದ ತಲೆಯ ಮೇಲೂ ಬೆಂಕಿಯ ಬಾಣಲೆ ಇರಬೇಕು. ವರ್ಷಕ್ಕೊಂದು ದಿನ ಎಲ್ಲ ಕಡೆ ಒಟ್ಟಿಗೆ ಬೆಂಕಿ ಹಚ್ಚಬೇಕು. ಒಂದು ಗುಡ್ಡದ ಬೆಂಕಿ ಇನ್ನೊಂದು ಗುಡ್ಡಕ್ಕೆ ಕಾಣಬೇಕು.

ಇಡೀ ದೇಶದ ಮೇಲೆ ಉರಿಯುವ ಬೆಂಕಿಯ ಸರ. ಇಪ್ಪತ್ತರ ಹರೆಯದವರಿಗೆ ಮಾತ್ರ ಹೊಳೆಯುವಂಥ ಆಲೋಚನೆ ಇದು.

ಯಾವ ದಿನ ಹಚ್ಚುವುದು ಎಂಬುದೇ ದೊಡ್ಡ ತಲೆನೋವಾಯಿತು. ಬಿಸ್ಮಾರ್ಕ್ ಹುಟ್ಟಿದ್ದು ಏಪ್ರಿಲ್ 1ರಂದು. ಆಗ ವಿಶ್ವವಿದ್ಯಾಲಯಗಳಿಗೆ ರಜೆ, ವಿದ್ಯಾರ್ಥಿಗಳೆಲ್ಲ ಊರಿಗೆ ಹೋಗಿರುತ್ತಾರೆ. ಹಾಗಾಗಿ ವರ್ಷದ ಅತಿ ಉದ್ದದ ಹಗಲಾದ ಜೂನ್ 21 ಆಗಲಿ ಎಂದರು. ಊರಿನವರು ಎಷ್ಟೋ ಕಡೆ ಹುಟ್ಟುಹಬ್ಬವೇ ಸರಿ ಎಂದರು. ಕೊನೆಗೂ ಇಡೀ ದೇಶ ಒಂದೇ ದಿನಕ್ಕೆ ಒಪ್ಪಲಿಲ್ಲ.

ವಿನ್ಯಾಸಕ್ಕೆ ಸ್ಪರ್ಧೆ ಕರೆದರು. 1899ರಲ್ಲಿ ಬಂದ ಚಿತ್ರಗಳು ಮುನ್ನೂರಕ್ಕೂ ಹೆಚ್ಚು. ಕಳಿಸಿದವರು ಯಾರು ಅಂತ ತೀರ್ಪುಗಾರರಿಗೆ ಗೊತ್ತಾಗದ ಹಾಗೆ ವ್ಯವಸ್ಥೆ ಇತ್ತು. ಮೊದಲ ಮೂರು ಬಹುಮಾನಗಳೂ ಒಬ್ಬನಿಗೇ ಹೋದವು! ಅವನು ವಿಲ್ಹೆಲ್ಮ್ ಕ್ರೈಸ್, ಇನ್ನೂ ಮೂವತ್ತು ತುಂಬಿರದ ವಾಸ್ತುಶಿಲ್ಪಿ. ಮೂರರಲ್ಲಿ ವಿದ್ಯಾರ್ಥಿಗಳ ಮನಸ್ಸಿಗೆ ಹಿಡಿಸಿದ ವಿನ್ಯಾಸಕ್ಕೆ ‘ಗಾಟರ್‌ಡೆಮರುಂಗ್’, ಅಂದರೆ ದೇವತೆಗಳ ಮುಸ್ಸಂಜೆ, ಎಂದು ಹೆಸರು. ಒಂದೇ ನಕ್ಷೆಯನ್ನು ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ 47 ಕಡೆ ಕಟ್ಟಿದರು. ಸ್ಟುಟ್‌ಗಾರ್ಟಿನದು ಅದರಲ್ಲಿ ಒಂದು. ಇಲ್ಲಿನ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳೇ ಮುಂದೆ ನಿಂತು ಕಟ್ಟಿಸಿದ್ದು.

ಎಲ್ಲ ಸೇರಿಸಿದರೆ ಬಿಸ್ಮಾರ್ಕ್ ಹೆಸರಿನಲ್ಲಿ ಎದ್ದ ಗೋಪುರಗಳು ಸುಮಾರು 240. ಇವತ್ತಿಗೂ ನಿಂತಿರುವುದು 170ಕ್ಕೂ ಹೆಚ್ಚು. ಎಲ್ಲವೂ ಅವನು ಸತ್ತ ಮೇಲೆ ಕಟ್ಟಿದ್ದಲ್ಲ. ಮೊದಲನೆಯದನ್ನು 1869ರಲ್ಲೇ, ಸಾಮ್ರಾಜ್ಯ ಹುಟ್ಟುವುದಕ್ಕೂ ಮುಂಚೆ, ಸೈಲೇಷಿಯಾದ ಒಬ್ಬ ಜಮೀನುದಾರ ತನ್ನ ಊರಿನ ಗುಡ್ಡದ ಮೇಲೆ ಕಟ್ಟಿಸಿದ್ದ. ಆ ಊರು ಈಗ ಪೋಲೆಂಡಿನಲ್ಲಿದೆ. ಬಿಸ್ಮಾರ್ಕ್ ಓದಿದ ಗಾಟಿಂಗನ್‌ನಲ್ಲಿ 1896ರಲ್ಲಿ ಗೋಪುರ ಮುಗಿದಾಗಲೂ ಅವನು ಬದುಕಿದ್ದ. ಅದೇ ಗಾಟಿಂಗನ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ತಂಟೆ ಮಾಡಿ ವಿಶ್ವವಿದ್ಯಾಲಯದ ಜೈಲಿನಲ್ಲಿ ಕೂತು ಬಂದವನು ಅವನು.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ವಿದ್ಯಾರ್ಥಿಗಳು ಕೇಳಿದ್ದು ಬೆಂಕಿಯ ಕಂಬ. ಅದರ ಒಳಗೆ ಜನ ಹೋಗಬೇಕು, ಮೇಲೆ ಹತ್ತಬೇಕು, ಸುತ್ತ ನೋಡಬೇಕು ಎಂಬುದು ಅವರ ಮುಖ್ಯ ಆಸೆ ಆಗಿರಲಿಲ್ಲ. ಕಂಬವನ್ನು ಕೆಳಗಿನಿಂದ ನೋಡಬೇಕು, ತಲೆ ಎತ್ತಿ ನೋಡಬೇಕು, ಅಷ್ಟೇ. ಆದರೆ ಕಟ್ಟುವುದಕ್ಕೆ ದುಡ್ಡು ಬೇಕಲ್ಲ. ಸರ್ಕಾರದ ಖಜಾನೆಯಿಂದ ಬಂದದ್ದಲ್ಲ ಅದು. ಊರಿನ ಅಂಗಡಿಯವರು, ಮೇಷ್ಟ್ರುಗಳು, ಕಾರ್ಖಾನೆ ಮಾಲೀಕರು ಚಂದಾ ಹಾಕಿದರು. ಆ ಕಾಲಕ್ಕೆ ಜರ್ಮನಿಯ ಊರೂರಲ್ಲಿ ಊರನ್ನು ಚಂದಗೊಳಿಸುವ ಸಂಘಗಳಿದ್ದವು, ಬೆಟ್ಟ ಸುತ್ತುವವರ ಸಂಘಗಳಿದ್ದವು. ಅವರು ಕಾಡಿನಲ್ಲಿ ದಾರಿ ಮಾಡಿಸುತ್ತಿದ್ದರು, ಬೆಂಚು ಹಾಕಿಸುತ್ತಿದ್ದರು. ಅಂಥವರಿಗೆ ಸುಮ್ನೆ ಒಂದು ಕಂಬ ಬೇಕಿರಲಿಲ್ಲ. ಭಾನುವಾರ ಮಕ್ಕಳು ಮರಿ ಕಟ್ಟಿಕೊಂಡು ಹೋಗುವುದಕ್ಕೆ ಒಂದು ಜಾಗ ಬೇಕಿತ್ತು. ಮೆಟ್ಟಿಲು ಇಡಿ ಎಂದರು. ಮೇಲೆ ನಿಲ್ಲುವುದಕ್ಕೆ ಜಾಗ ಬಿಡಿ, ಕಟಕಟೆ ಹಾಕಿ ಎಂದರು. ಹೀಗೆ ಬಿಸ್ಮಾರ್ಕ್ ಗೋಪುರಗಳಲ್ಲಿ ಹೆಚ್ಚಿನವು ವೀಕ್ಷಣಾ ಗೋಪುರಗಳಾದವು.

ಗೋಪುರಗಳನ್ನು ಕಾಪಾಡಿದ್ದು ಈ ಮೆಟ್ಟಿಲುಗಳೇ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆಂಕಿ ಹಚ್ಚುವ ಉತ್ಸಾಹ ಮೊದಲ ಮಹಾಯುದ್ಧದ ನಂತರ ಹೆಚ್ಚು ಕಡೆ ತಣ್ಣಗಾಯಿತು. ಬಿಸ್ಮಾರ್ಕ್ ಕಟ್ಟಿದ ಸಾಮ್ರಾಜ್ಯ 1918ರಲ್ಲಿ ಮುಗಿದೇ ಹೋಯಿತು. ಮೇಲೆ ಹತ್ತಿ ಊರು ನೋಡುವ ಆಸೆ ಮಾತ್ರ ಯಾವ ಸರ್ಕಾರ ಬಂದರೂ ಹೋಗಲಿಲ್ಲ. ಸ್ಟುಟ್‌ಗಾರ್ಟಿನ ಗೋಪುರಕ್ಕಂತೂ 1928ರಲ್ಲಿ ಇನ್ನೊಂದು ಕೆಲಸ ಸಿಕ್ಕಿತು. ಅದನ್ನು ನೀರಿನ ಗೋಪುರ ಮಾಡಿದರು. ಬೆಂಕಿಗೆ ಅಂತ ಕಟ್ಟಿದ್ದು ಗುಡ್ಡದ ಮೇಲಿನ ಮನೆಗಳಿಗೆ ನೀರು ಕೊಡುವಂತಾಯಿತು. ಈ ಶತಮಾನದ ಆರಂಭದಲ್ಲಿ ರಿಪೇರಿ ಮಾಡಿ ಮತ್ತೆ ಜನರಿಗೆ ಬಾಗಿಲು ತೆರೆದರು.

ಮೆಟ್ಟಿಲು ಹತ್ತುವಾಗ ನನಗೆ ಪ್ರತಿ ಸಲ ನೆನಪಾಗುವುದು ಸಂಬಳದ ಚೀಟಿ. ಇಲ್ಲಿ ಕೆಲಸ ಮಾಡುವ ಎಲ್ಲರಿಗೂ ಅದು ಗೊತ್ತು. ಮೇಲಿನ ಸಾಲಿನಲ್ಲಿ ಕಂಪನಿ ಒಪ್ಪಿದ ಸಂಬಳ, ಅದರ ಕೆಳಗೆ ಒಂದಾದ ಮೇಲೊಂದು ಕಡಿತ. ಆರೋಗ್ಯ ವಿಮೆ, ಪಿಂಚಣಿ ವಿಮೆ, ನಿರುದ್ಯೋಗ ವಿಮೆ, ವಯಸ್ಸಾದಾಗಿನ ಆರೈಕೆಗೆ ವಿಮೆ. ಇವುಗಳಲ್ಲಿ ಮೊದಲಿನ ಎರಡು ಬಿಸ್ಮಾರ್ಕ್ ಕಾಲದವು. ಕಾರ್ಮಿಕರ ಆರೋಗ್ಯ ವಿಮೆ 1883ರಲ್ಲಿ ಬಂತು. ಅಪಘಾತ ವಿಮೆ 1884ರಲ್ಲಿ ಬಂತು, ಅದರ ದುಡ್ಡು ಪೂರ್ತಿ ಮಾಲೀಕರೇ ಕಟ್ಟಬೇಕು, ಹಾಗಾಗಿ ನಮ್ಮ ಚೀಟಿಯಲ್ಲಿ ಕಾಣುವುದಿಲ್ಲ. ಪಿಂಚಣಿ 1889ರಲ್ಲಿ ಬಂತು. ಆಗ ವಯಸ್ಸಿನ ಪಿಂಚಣಿ ಸಿಗುತ್ತಿದ್ದದ್ದು 70 ತುಂಬಿದವರಿಗೆ. ಅಷ್ಟು ವರ್ಷ ಬದುಕುವ ಕೂಲಿಯವರು ಎಷ್ಟು ಜನ ಇದ್ದಾರು? ನಿರುದ್ಯೋಗ ವಿಮೆ 1927ರದು, ಆರೈಕೆ ವಿಮೆ 1995ರದು.

ಬಿಸ್ಮಾರ್ಕ್ ಇದನ್ನು ಬಡವರ ಮೇಲಿನ ಮರುಕದಿಂದಷ್ಟೇ ಮಾಡಲಿಲ್ಲ. ಸಮಾಜವಾದಿಗಳ ಬಾಯಿ ಮುಚ್ಚಿಸಿದ ಕೈಯೇ ಕಾರ್ಮಿಕರಿಗೆ ವಿಮೆ ಕೊಟ್ಟಿತು. ಸರ್ಕಾರವೇ ನಿಮ್ಮನ್ನು ನೋಡಿಕೊಳ್ಳುತ್ತದೆ, ಆ ಪಕ್ಷದ ಕಡೆ ಹೋಗಬೇಡಿ ಎಂಬ ಲೆಕ್ಕಾಚಾರ. ಲೆಕ್ಕ ಫಲಿಸಲಿಲ್ಲ. 1890ರ ಚುನಾವಣೆಯಲ್ಲಿ ಎಲ್ಲರಿಗಿಂತ ಜಾಸ್ತಿ ಮತ ಬಿದ್ದದ್ದು ಆ ಸಮಾಜವಾದಿಗಳಿಗೇ. ವಿಮೆ ಮಾತ್ರ ಉಳಿಯಿತು. ಎರಡು ಮಹಾಯುದ್ಧ, ಹಣದುಬ್ಬರ, ಹಿಟ್ಲರ್, ದೇಶದ ವಿಭಜನೆ, ಮತ್ತೆ ಒಂದಾಗುವಿಕೆ, ಇಷ್ಟೆಲ್ಲ ಆದರೂ ಉಳಿಯಿತು. ದೂರದ ಊರಿನಿಂದ ಬಂದ ನಮ್ಮಂಥವರಿಗೆ ಜ್ವರ ಬಂದಾಗ ಕಾರ್ಡ್ ಒಂದನ್ನು ತೋರಿಸಿ ಡಾಕ್ಟರ ಎದುರು ಕೂರುವುದಕ್ಕೆ ಸಾಧ್ಯವಾಗಿರುವುದು ಆ ಕಾನೂನು ಹಾಕಿದ ದಾರಿಯಿಂದ. ಇದಕ್ಕೆ ನಾನು ಕೃತಜ್ಞತೆ ಹೇಳಲೇಬೇಕು.

ಹಾಗಂತ ಅವನ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. 1884ರ ನವೆಂಬರ್‌ನಿಂದ 1885ರ ಫೆಬ್ರವರಿವರೆಗೆ ಬರ್ಲಿನ್‌ನಲ್ಲಿ ಯುರೋಪಿನ ದೇಶಗಳ ಸಭೆ ಸೇರಿತು. ಕರೆದು ಕೂರಿಸಿದವನು ಬಿಸ್ಮಾರ್ಕ್. ಆಫ್ರಿಕಾದ ನೆಲ, ನದಿ, ವ್ಯಾಪಾರ ಯಾರಿಗೆ ಹೇಗೆ ಎಂದು ಅಲ್ಲಿ ನಿಯಮ ಬರೆದರು. ಆಫ್ರಿಕಾದ ಒಬ್ಬರೂ ಆ ಮೇಜಿನ ಸುತ್ತ ಇರಲಿಲ್ಲ. ಟೋಗೋ, ಕ್ಯಾಮರೂನ್, ಈಗಿನ ನಮೀಬಿಯಾ ಅದೇ ಹೊತ್ತಿಗೆ ಜರ್ಮನಿಯ ವಸಾಹತುಗಳಾದವು. 1885ರಲ್ಲಿ ಪ್ರಷ್ಯಾದಿಂದ ಮೂವತ್ತು ಸಾವಿರದಷ್ಟು ಪೋಲಿಷರನ್ನೂ ಯಹೂದಿಗಳನ್ನೂ ಹೊರಹಾಕುವ ಕೆಲಸ ಶುರುವಾಯಿತು. ವಸಾಹತು ಆಳ್ವಿಕೆಯಲ್ಲಿ ನೊಂದ ದೇಶದಿಂದ ಬಂದವರು ನಾವು. ಆ ಬರ್ಲಿನ್ ಸಭೆಯ ಚಿತ್ರವನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2020ರ ನಂತರ ಹ್ಯಾಂಬರ್ಗಿನ ದೈತ್ಯ ಬಿಸ್ಮಾರ್ಕ್ ಪ್ರತಿಮೆಯ ಸುತ್ತ ಎದ್ದ ಜಗಳ ಇದೇ ಕಾರಣಕ್ಕೆ. 1906ರ ಆ ಸ್ಮಾರಕ 34 ಮೀಟರ್ ಎತ್ತರ. ಅದನ್ನು ರಿಪೇರಿ ಮಾಡಿಸುವುದೇ ತಪ್ಪು ಎಂದವರಿದ್ದರು.

ಪ್ರತಿಮೆಗೂ ಗೋಪುರಕ್ಕೂ ಇರುವ ವ್ಯತ್ಯಾಸ ನನಗೆ ಅಲ್ಲಿ ಸ್ಪಷ್ಟವಾಯಿತು. ಪ್ರತಿಮೆಯನ್ನು ಬೇರೆ ಕೆಲಸಕ್ಕೆ ಬಳಸುವುದಕ್ಕೆ ಆಗುವುದಿಲ್ಲ. ಅದು ಆ ಮನುಷ್ಯನೇ. ಒಪ್ಪಬೇಕು, ಇಲ್ಲ ಕೆಳಗಿಳಿಸಬೇಕು. ಈಗಿನ ಡೆನ್ಮಾರ್ಕಿನಲ್ಲಿರುವ ಕ್ನಿವ್ಸ್‌ಬರ್ಗ್ ಗುಡ್ಡದಲ್ಲಿ ಗೋಪುರವೂ ಇತ್ತು, ಅದರಲ್ಲೇ ಬಿಸ್ಮಾರ್ಕ್ ಪ್ರತಿಮೆಯೂ ಇತ್ತು. 1864ರಲ್ಲಿ ಡೆನ್ಮಾರ್ಕಿನಿಂದ ಕಿತ್ತುಕೊಂಡ ನೆಲ ಅದು. ಮೊದಲ ಮಹಾಯುದ್ಧ ಮುಗಿದು ಆ ನೆಲ ಮತ್ತೆ ಡೆನ್ಮಾರ್ಕಿಗೆ ಸೇರುವ ಸೂಚನೆ ಸಿಕ್ಕಾಗ ಪ್ರತಿಮೆಯನ್ನು ಇಳಿಸಿ ದಕ್ಷಿಣಕ್ಕೆ ಸಾಗಿಸಿದರು. ಈಗಲೂ ಅದು ಜರ್ಮನಿಯ ಆಷ್‌ಬರ್ಗ್ ಗುಡ್ಡದ ಮೇಲಿದೆ. ಹಿಂದೆ ಉಳಿದ ಗೋಪುರವನ್ನು 1945ರಲ್ಲಿ ಸ್ಫೋಟಕ ಇಟ್ಟು ಉರುಳಿಸಿದರು. ಅಲ್ಲಿನವರ ನೋವು ಅಷ್ಟು ಆಳದ್ದು. ಅದನ್ನು ತಪ್ಪು ಎನ್ನುವ ಹಕ್ಕು ನನಗಿಲ್ಲ.

ಪೋಲೆಂಡಿನಲ್ಲಿ ಬೇರೆ ಥರ ಆಯಿತು. 1945ರ ನಂತರ ಗಡಿ ಪಶ್ಚಿಮಕ್ಕೆ ಸರಿದು ಬಿಸ್ಮಾರ್ಕ್ ಗೋಪುರಗಳು ಎಷ್ಟೋ ಪೋಲೆಂಡಿನ ಪಾಲಾದವು. ಬಿಸ್ಮಾರ್ಕ್ ಎಂದರೆ ಅಲ್ಲಿಯವರಿಗೆ ಆಗುತ್ತಿರಲಿಲ್ಲ, ಆಗುವಂತೆಯೂ ಇರಲಿಲ್ಲ. ಜೆಲೋನಾ ಗುರಾ ಊರಿನ ಹತ್ತಿರದ ಗೋಪುರಕ್ಕೆ ಈಗ ಪಕ್ಕದ ಹಳ್ಳಿಯ ಹೆಸರು, ವಿಲ್ಕನೋವೊ ಗೋಪುರ. ಭೂಮಿಯ ಇನ್ನೊಂದು ತುದಿಯಲ್ಲಿ, ಚಿಲಿಯ ಕಾನ್ಸೆಪ್ಸಿಯಾನ್ ನಗರದ ಗುಡ್ಡದ ಮೇಲೆ, ವಲಸೆ ಹೋದ ಜರ್ಮನರು ಕಟ್ಟಿದ್ದೊಂದು ಇದೆ. ಅಲ್ಲಿಯವರ ಬಾಯಲ್ಲಿ ಅದು ಬರೀ ಜರ್ಮನ್ ಗೋಪುರ.

ಸ್ಟುಟ್‌ಗಾರ್ಟಿಗೆ ಹತ್ತಿರದ ಟ್ಯೂಬಿಂಗನ್‌ನಲ್ಲೂ ಒಂದು ಬಿಸ್ಮಾರ್ಕ್ ಗೋಪುರ ಇದೆ, 1907ರದು. ಕನ್ನಡ–ಇಂಗ್ಲಿಷ್ ನಿಘಂಟಿನ ಕಿಟ್ಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟ ಊರು ಅದು. ಅವರು 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅತ್ತ ಕಡೆ ಹೋದರೆ ಗುಡ್ಡ ಹತ್ತಿ ಬನ್ನಿ.

ವಿಲ್ಹೆಲ್ಮ್ ಕ್ರೈಸ್ ಮುಂದೆ ಏನಾದ ಎಂಬುದನ್ನೂ ಹೇಳಬೇಕು. ಅವನು ದೊಡ್ಡ ವಾಸ್ತುಶಿಲ್ಪಿಯಾದ. ಡ್ರೆಸ್ಡನ್‌ನ ಆರೋಗ್ಯ ಮ್ಯೂಸಿಯಂನಂಥ ಒಳ್ಳೆಯ ಕಟ್ಟಡ ಕಟ್ಟಿದ. ಆಮೇಲೆ ಹಿಟ್ಲರನ ಕಾಲದಲ್ಲಿ ಜರ್ಮನ್ ಸೈನಿಕರ ಸಮಾಧಿಗಳ ವಿನ್ಯಾಸದ ಹೊಣೆ ಹೊತ್ತ. ಗೆದ್ದುಕೊಂಡ ದೇಶಗಳಲ್ಲಿ ನಿಲ್ಲಿಸಲು ಸತ್ತ ಸೈನಿಕರ ನೆನಪಿನ ಭಾರೀ ಕೋಟೆಗಳನ್ನು ಕಾಗದದ ಮೇಲೆ ಬರೆದ. 1899ರ ಸರಳ ಕಂಬದಲ್ಲೇ ಆ ಭಾರ ಇತ್ತೇ? ಗೋಪುರದ ಬುಡದಲ್ಲಿ ನಿಂತು ಆ ದಪ್ಪ ಕಲ್ಲುಗಳನ್ನು ಮುಟ್ಟಿದಾಗ ನನಗೆ ಇತ್ತು ಅನ್ನಿಸುತ್ತದೆ. ಬೇರೆಯವರಿಗೆ ಬೇರೆ ಅನ್ನಿಸಬಹುದು.

ಒಳಗಿನ ಮೆಟ್ಟಿಲು ಹತ್ತಿ ಮೇಲೆ ಹೋದರೆ ಸ್ಟುಟ್‌ಗಾರ್ಟ್ ಹೇಗಿದೆ ಎಂದು ಮೊದಲ ಸಲ ಅರ್ಥವಾಗುತ್ತದೆ. ಕೆಳಗೆ ಓಡಾಡುವಾಗ ರಸ್ತೆ, ಸುರಂಗ, ಏರುದಾರಿ ಬಿಟ್ಟರೆ ಬೇರೇನೂ ತಲೆಗೆ ಹತ್ತುವುದಿಲ್ಲ. ಮೇಲಿನಿಂದ ನೋಡಿದರೆ ಊರು ಒಂದು ತಗ್ಗಿನಲ್ಲಿ ಕೂತಿದೆ, ಸುತ್ತ ಗುಡ್ಡಗಳ ಅಂಚು, ಮಧ್ಯೆ ಮಧ್ಯೆ ದ್ರಾಕ್ಷಿ ತೋಟ. ಎದುರು ದಿಕ್ಕಿನ ಕಾಡಿನಿಂದ ಟಿವಿ ಗೋಪುರ ಎದ್ದಿದೆ. ಫ್ರಿಟ್ಸ್ ಲಿಯೋನ್‌ಹಾರ್ಟ್ ಎಂಬ ಎಂಜಿನಿಯರ್ 1956ರಲ್ಲಿ ಮುಗಿಸಿದ ಅದು ಜಗತ್ತಿನ ಎಷ್ಟೋ ಟಿವಿ ಗೋಪುರಗಳಿಗೆ ಮಾದರಿ. ಹತ್ತಿರದಲ್ಲೇ, ಕಿಲ್ಲೆಸ್‌ಬರ್ಗ್ ಪಾರ್ಕಿನಲ್ಲಿ, ತಂತಿಗಳ ಬಲೆಯಲ್ಲಿ ನಿಂತ ಇನ್ನೊಂದು ವೀಕ್ಷಣಾ ಗೋಪುರ ಇದೆ. 2001ರದು. ಅದರ ಎಂಜಿನಿಯರ್ ಯೋರ್ಗ್ ಷ್ಲೈಕ್. ಕೋಲ್ಕತ್ತದ ವಿದ್ಯಾಸಾಗರ ಸೇತುವೆಯ ವಿನ್ಯಾಸವೂ ಅವರ ಸಂಸ್ಥೆಯದೇ.

ಅದೇ ಕಿಲ್ಲೆಸ್‌ಬರ್ಗಿಗೆ 1941ರ ನವೆಂಬರ್ ಕೊನೆಯಲ್ಲಿ ವ್ಯುರ್ಟೆಂಬರ್ಗಿನ ಸುಮಾರು 1,000 ಯಹೂದಿಗಳನ್ನು ತಂದು ಪ್ರದರ್ಶನದ ಸಭಾಂಗಣಗಳಲ್ಲಿ ಕೂಡಿಹಾಕಿದರು. ಡಿಸೆಂಬರ್ 1ರಂದು ಕೆಳಗಿನ ಉತ್ತರ ನಿಲ್ದಾಣದಿಂದ ರೈಲು ಹತ್ತಿಸಿ ಲಾಟ್ವಿಯಾದ ರೀಗಾಕ್ಕೆ ಕಳಿಸಿದರು. ಬದುಕಿ ಬಂದವರು ತೀರಾ ಕಡಿಮೆ. ಬಿಸ್ಮಾರ್ಕ್ ಗೋಪುರದಿಂದ ಆ ಪಾರ್ಕಿಗೆ ನಡೆದೇ ಹೋಗಬಹುದು, ಅಷ್ಟು ಹತ್ತಿರ. ಗೋಪುರ ಎತ್ತರದಲ್ಲಿದೆ, ಅಲ್ಲಿಂದ ಎಲ್ಲ ಕಾಣುತ್ತದೆ ಎಂದ ಮೇಲೆ ಇದೂ ಕಾಣಬೇಕು. ಬಿಸ್ಮಾರ್ಕ್ ಕಾಲಕ್ಕೂ ಹಿಟ್ಲರನ ಕಾಲಕ್ಕೂ ನೇರ ಗೆರೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ, ಇತಿಹಾಸ ಅಷ್ಟು ಸುಲಭವಾಗಿ ನಡೆಯುವುದಿಲ್ಲ. ಆದರೂ ಒಬ್ಬ ನಾಯಕನಿಗೆ ಗುಡ್ಡಗುಡ್ಡದ ಮೇಲೆ ಬೆಂಕಿ ಹಚ್ಚಿ ಕೈ ಮುಗಿಯುವ ಅಭ್ಯಾಸ ಆ ಹುಡುಗರ ತಲೆಮಾರಿನಲ್ಲೇ ಬೆಳೆದಿತ್ತಲ್ಲ, ಅದು ನನ್ನನ್ನು ಕೊರೆಯುತ್ತದೆ.

ಸ್ಟುಟ್‌ಗಾರ್ಟಿನ ಕಡೆ ಬಂದರೆ ಹೀಗೆ ಮಾಡಿ. ಯು5 ಟ್ರಾಮಿನಲ್ಲಿ ಕೊನೆಯ ನಿಲ್ದಾಣ ಕಿಲ್ಲೆಸ್‌ಬರ್ಗಿನವರೆಗೆ ಹೋಗಿ. ಅಲ್ಲಿಂದ ಗೋಪುರಕ್ಕೆ ನಡೆಯಿರಿ. ಬಾಗಿಲು ಯಾವಾಗಲೂ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಮುಚ್ಚಿದ್ದರೂ ಬುಡದಿಂದಲೇ ಊರು ಚೆನ್ನಾಗಿ ಕಾಣುತ್ತದೆ. ಇಳಿದು ಬರುವಾಗ ಪಾರ್ಕಿನಲ್ಲಿರುವ ಯಹೂದಿಗಳ ನೆನಪಿನ ಕಲ್ಲನ್ನು ನೋಡಿ. ಆಮೇಲೆ ಉತ್ತರ ನಿಲ್ದಾಣದ ಹಳೆಯ ಹಳಿಗಳ ಪಕ್ಕ 2006ರಲ್ಲಿ ತೆರೆದ ಸ್ಮಾರಕಕ್ಕೆ ಹೋಗಿ. ಅಲ್ಲಿ ಉದ್ದದ ಗೋಡೆಯ ಮೇಲೆ ಆ ರೈಲುಗಳಲ್ಲಿ ಹೋದವರ ಹೆಸರುಗಳಿವೆ. ಅರ್ಧ ದಿನ ಇಟ್ಟುಕೊಂಡರೆ ಮೂರೂ ಆಗುತ್ತವೆ.